ಒಂಟಿ ಸಿಂಗಳೀಕ ತನ್ನ ಕೈಯ ಕೂದಲು ಕಿತ್ತುಕೊಳ್ಳುತ್ತಿದೆ. ಆಟಿಕೆ ಕೊಟ್ಟು ಸಾಕಾಯಿತು, ಇನ್ನೇನು ಮಾಡಲಿ?

ಎಲೆಮರೆ · ಸೋಮವಾರ, ರಾತ್ರಿ 9:10

ಪ್ರಾಣಿ ರಕ್ಷಣಾ ಕೇಂದ್ರವೊಂದರಲ್ಲಿ ಪಾಲಕನಾಗಿದ್ದೇನೆ. ಮೂರು ತಿಂಗಳಿಂದ ಒಂದು ಹೆಣ್ಣು ಸಿಂಗಳೀಕವನ್ನು ನೋಡಿಕೊಳ್ಳುತ್ತಿದ್ದೇನೆ. ಯಾರೋ ಮರಿಯಲ್ಲೇ ತಂದು ಮನೆಯಲ್ಲಿ ಸಾಕಿದ್ದರಂತೆ. ಈಗ ವಯಸ್ಸು ಏಳೋ ಎಂಟೋ ಇರಬೇಕು. ಇಲ್ಲಿಗೆ ಬಂದ ಮೇಲೂ ಒಂಟಿ.

ಎಡ ಮುಂಗೈಯ ಕೂದಲನ್ನು ಕಿತ್ತುಕೊಳ್ಳುತ್ತಾಳೆ. ಒಂದೊಂದೇ. ಎರಡು ಬೆರಳಲ್ಲಿ ಹಿಡಿದು ಎಳೆಯುತ್ತಾಳೆ, ಬುಡವನ್ನು ಕಣ್ಣಿನ ಹತ್ತಿರ ತಂದು ನೋಡುತ್ತಾಳೆ, ಆಮೇಲೆ ಬಾಯಿಗೆ ಹಾಕಿಕೊಳ್ಳುತ್ತಾಳೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಈಗ ಬರೀ ಚರ್ಮ. ಮಧ್ಯಾಹ್ನವಾದರೆ ಬಾಗಿಲಿನ ಪಕ್ಕ ನಾಲ್ಕು ಹೆಜ್ಜೆ ಆ ಕಡೆ, ನಾಲ್ಕು ಹೆಜ್ಜೆ ಈ ಕಡೆ. ತಿರುಗುವಾಗ ಪ್ರತಿ ಸಲವೂ ತಲೆಯನ್ನು ಒಂದೇ ರೀತಿ ಮೇಲಕ್ಕೆತ್ತುತ್ತಾಳೆ.

ಬಾಲ್ ಕೊಟ್ಟೆ. ಟೈರ್ ಕಟ್ಟಿದೆ. ಕನ್ನಡಿ ಇಟ್ಟೆ. ಎರಡು ದಿನ ಮುಟ್ಟುತ್ತಾಳೆ, ಮೂರನೇ ದಿನ ತಿರುಗಿಯೂ ನೋಡುವುದಿಲ್ಲ. ಊಟದ ಬಗ್ಗೆ ತಕರಾರಿಲ್ಲ. ದಿನಕ್ಕೆ ಎರಡು ಸಲ ಹೆಚ್ಚಿ ತಟ್ಟೆಯಲ್ಲಿ ಕೊಡುತ್ತೇವೆ, ಹತ್ತು ನಿಮಿಷದಲ್ಲಿ ಖಾಲಿ.

ದಯವಿಟ್ಟು ಗೊತ್ತಿರುವವರು ಹೇಳಿ. ಆ ಕೈ ನೋಡಲು ಆಗುತ್ತಿಲ್ಲ.

ಕೆನ್ನೆಚೀಲ · ಸೋಮವಾರ, ರಾತ್ರಿ 9:22

ಹತ್ತು ನಿಮಿಷದ ಊಟ ಎಂದಿರಲ್ಲ, ತೊಂದರೆ ಅಲ್ಲೇ ಇದೆ. ಎರಡು ಹೊತ್ತು ಸೇರಿ ಇಪ್ಪತ್ತು ನಿಮಿಷ. ಉಳಿದ ಹಗಲೆಲ್ಲ ಅವಳು ಏನು ಮಾಡಬೇಕು? ಕೈಗೆ ಸಿಕ್ಕಿದ್ದು ಕೂದಲು.

ದನದಡಾಕ್ಟ್ರು · ಸೋಮವಾರ, ರಾತ್ರಿ 9:41

ಎಲೆಮರೆ ಅವರೇ, ಮೊದಲು ವೈದ್ಯರಿಗೆ ತೋರಿಸಿ. ಬೇಜಾರಿಗೆ ಕೀಳುತ್ತಿದೆ ಎಂದು ನಾವೇ ತೀರ್ಮಾನ ಮಾಡುವುದು ಬೇಡ. ಚರ್ಮದಲ್ಲಿ ಹುಳ ಇರಬಹುದು, ಅಲರ್ಜಿ ಇರಬಹುದು, ಆ ಕೈಯಲ್ಲೇ ಹಳೆಯ ನೋವು ಇರಬಹುದು. ಒಂದೇ ಕೈಯನ್ನು ಕೀಳುತ್ತಿದ್ದಾಳೆ ಎಂದಾಗ ಎಕ್ಸ್‌ರೇ ಕೂಡ ಮಾಡಿಸುವುದು ಒಳ್ಳೆಯದು. ಕೂದಲು ನುಂಗುತ್ತಿದ್ದರೆ ಹೊಟ್ಟೆಯಲ್ಲಿ ಉಂಡೆಗಟ್ಟುವ ಅಪಾಯವೂ ಇದೆ. ಮಲದಲ್ಲಿ ಕೂದಲು ಬರುತ್ತಿದೆಯಾ ನೋಡಿ.

ಎಲೆಮರೆ · ಸೋಮವಾರ, ರಾತ್ರಿ 9:50

ಚರ್ಮ ಕೆರೆದು ಪರೀಕ್ಷೆ ಮಾಡಿಸಿದ್ದೇವೆ ಸರ್, ಏನೂ ಇಲ್ಲ. ಎಕ್ಸ್‌ರೇ ಆಗಿಲ್ಲ. ನಾಳೆಯೇ ಕೇಳುತ್ತೇನೆ. ಮಲದಲ್ಲಿ ಕೂದಲು ಇದೆ.

ಹಗ್ಗದಸೇತುವೆ · ಸೋಮವಾರ, ರಾತ್ರಿ 10:15

ಹೆಚ್ಚುವುದನ್ನು ನಾಳೆಯಿಂದಲೇ ನಿಲ್ಲಿಸಿ. ಇಡೀ ಹಣ್ಣು, ಇಡೀ ತರಕಾರಿ ಕೊಡಿ. ಸಿಪ್ಪೆ ಸುಲಿಯುವುದು, ಬೀಜ ಬಿಡಿಸುವುದು ಅವಳ ಕೆಲಸ. ನಾವು ಪ್ರೀತಿಯಿಂದ ಹೆಚ್ಚಿ ಕೊಟ್ಟು ಆ ಕೆಲಸವನ್ನು ಕಿತ್ತುಕೊಂಡಿದ್ದೇವೆ.

ಇದನ್ನು ಸಿಂಗಳೀಕಗಳಲ್ಲೇ ನೋಡಿದ್ದಾರೆ. 1989ರಲ್ಲಿ ಪ್ರಕಟವಾದ ಅಧ್ಯಯನ. ಇಡೀ ಇಡೀ ಕೊಟ್ಟಾಗ ಅವು ಹೆಚ್ಚು ಹೊತ್ತು ತಿಂದವು, ಹೆಚ್ಚು ಬಗೆಯದನ್ನು ತಿಂದವು, ಒಟ್ಟಾರೆ ತಿಂದದ್ದೂ ಜಾಸ್ತಿ. ಹೆಚ್ಚಿ ಕೊಡದಿದ್ದರೆ ಗಟ್ಟಿ ಮಂಗ ಎಲ್ಲ ಎತ್ತಿಕೊಂಡು ಹೋಗುತ್ತದೆ ಎನ್ನುವ ಭಯ ಎಲ್ಲ ಕಡೆ ಇದೆ. ನಿಮ್ಮಲ್ಲಿ ಇರುವುದು ಒಂದೇ, ಆ ಭಯವೂ ಇಲ್ಲ.

ಎರಡನೆಯದು, ತಟ್ಟೆ ತೆಗೆದುಬಿಡಿ. ನೆಲಕ್ಕೆ ಮರದ ಚಕ್ಕೆಯನ್ನೋ ಒಣ ಎಲೆಯನ್ನೋ ಒಂದು ಗೇಣು ದಪ್ಪ ಹಾಸಿ, ಕಾಳುಗಳನ್ನು ಅದರೊಳಗೆ ಚೆಲ್ಲಿ. ಒಂದು ಹಿಡಿ ಕಾಳನ್ನು ಹೆಕ್ಕಲು ಅವಳಿಗೆ ಗಂಟೆಗಟ್ಟಲೆ ಬೇಕು. ಚಕ್ಕೆ ಒದ್ದೆಯಾಗಿ ಬೂಸ್ಟು ಹಿಡಿಯದಂತೆ ಮಾತ್ರ ನೋಡಿಕೊಳ್ಳಿ.

ಮೂರನೆಯದು, ಒಂದು ದಪ್ಪ ಮರದ ತುಂಡಿಗೆ ಬೆರಳು ಹೋಗದಷ್ಟು ಸಣ್ಣ ತೂತು ಕೊರೆದು ಜೇನನ್ನೋ ಗಂಜಿಯನ್ನೋ ತುಂಬಿ. ಪಕ್ಕದಲ್ಲಿ ಎಲೆ ಸಮೇತ ಕೊಂಬೆ ಹಾಕಿ. ಸುಮ್ನೆ ನೋಡುತ್ತಾ ಇರಿ. ಸಿಂಗಳೀಕಗಳು ಕಡ್ಡಿ ಮುರಿದು ಹದ ಮಾಡಿಕೊಂಡು ತೂತಿನಿಂದ ಸಿಹಿ ಪಾಕ ತೆಗೆದದ್ದು 1988ರಷ್ಟು ಹಿಂದೆಯೇ ದಾಖಲಾಗಿದೆ. ನಿಮ್ಮವಳಿಗೂ ಆ ತಲೆ ಇದೆ, ಅದನ್ನು ಓಡಿಸಲು ಜಾಗ ಬೇಕು ಅಷ್ಟೆ.

ಮುಸುವ · ಸೋಮವಾರ, ರಾತ್ರಿ 10:38

ಹಗ್ಗದಸೇತುವೆ ಹೇಳಿದ್ದೆಲ್ಲ ಸರಿ. ಆದರೆ ಎಲ್ಲರೂ ಮುಖ್ಯ ವಿಷಯ ಬಿಟ್ಟು ಸುತ್ತ ತಿರುಗುತ್ತಿದ್ದೀರಿ. ಅವಳಿಗೆ ಬೇಕಿರುವುದು ಇನ್ನೊಂದು ಸಿಂಗಳೀಕ. ಕಾಡಿನಲ್ಲಿ ಹತ್ತಿಪ್ಪತ್ತರ ಗುಂಪಿನಲ್ಲಿ ಇರುವ ಪ್ರಾಣಿ ಅದು. ಅಲ್ಲಿ ಒಬ್ಬರ ಮೈ ಒಬ್ಬರು ಹೆಕ್ಕುತ್ತಾರೆ.

ನೀವೇ ಬರೆದದ್ದನ್ನು ಇನ್ನೊಮ್ಮೆ ಓದಿ ಎಲೆಮರೆ. ಎರಡು ಬೆರಳಲ್ಲಿ ಹಿಡಿದು, ಬುಡ ನೋಡಿ, ಬಾಯಿಗೆ ಹಾಕುವುದು. ಅದು ಬೇರೆಯವರ ಮೈ ಹೆಕ್ಕುವ ರೀತಿ ಅಲ್ವಾ? ಹೆಕ್ಕಲು ಇನ್ನೊಂದು ಮೈ ಇಲ್ಲ. ತನ್ನದೇ ಹೆಕ್ಕುತ್ತಿದ್ದಾಳೆ.

ಎಲೆಮರೆ · ಸೋಮವಾರ, ರಾತ್ರಿ 10:44

ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ನಮ್ಮಲ್ಲಿ ಇನ್ನೊಂದು ಮುದಿ ಹೆಣ್ಣು ಇದೆ, ಬೇರೆ ಕಡೆ. ಜೊತೆಗಾರ ಸತ್ತ ಮೇಲೆ ಅದೂ ಒಂಟಿ. ಸೇರಿಸಿದರೆ ಕಚ್ಚಾಡಿ ಸಾಯುತ್ತವೆ ಎನ್ನುವುದು ಮೇಲಿನವರ ಹೆದರಿಕೆ.

ಗಿಬ್ಬನ್‌ಗಾನ · ಮಂಗಳವಾರ, ಬೆಳಿಗ್ಗೆ 6:30

ಆ ಹೆದರಿಕೆಯನ್ನು ತಳ್ಳಿಹಾಕಬೇಡಿ. ಮುಸುವ ಅವರು ಹೇಳಿದಷ್ಟು ಸುಲಭ ಅಲ್ಲ. ಮನುಷ್ಯರ ಕೈಯಲ್ಲಿ ಬೆಳೆದ ಮಂಗಕ್ಕೆ ಮಂಗಗಳ ಮಾತೇ ಗೊತ್ತಿರುವುದಿಲ್ಲ. ಯಾವಾಗ ತಗ್ಗಬೇಕು, ಯಾವಾಗ ದೂರ ಸರಿಯಬೇಕು, ಏನೂ ಕಲಿತಿರುವುದಿಲ್ಲ.

ನಾನು ಹಿಂದೆ ಇದ್ದ ಕಡೆ ಇಂಥದ್ದೇ ಎರಡನ್ನು ಒಂದೇ ದಿನದಲ್ಲಿ ಒಟ್ಟಿಗೆ ಬಿಟ್ಟರು. ಬಾಗಿಲು ತೆರೆದು ಐದು ನಿಮಿಷ ಆಗಿರಲಿಲ್ಲ. ಚಿಕ್ಕದು ಮೂಲೆಗೆ ಸಿಕ್ಕಿಹಾಕಿಕೊಂಡಿತು, ಓಡಲು ಇನ್ನೊಂದು ದಾರಿ ಇರಲಿಲ್ಲ. ಬಿಡಿಸುವಷ್ಟರಲ್ಲಿ ಎರಡು ಬೆರಳು ಹೋಗಿದ್ದವು. ಆ ಕಿರುಚಾಟ ಇನ್ನೂ ಕಿವಿಯಲ್ಲಿದೆ.

ಮುಸುವ · ಮಂಗಳವಾರ, ಬೆಳಿಗ್ಗೆ 7:05

ಒಂದೇ ದಿನದಲ್ಲಿ ಬಿಟ್ಟಿದ್ದೇ ತಪ್ಪು. ಜೊತೆ ಬೇಕು ಎಂದದ್ದು ತಪ್ಪಲ್ಲ. ಅದನ್ನು ತೋರಿಸಿ ಒಂಟಿಯಾಗಿ ಇಡುವುದನ್ನು ಸಮರ್ಥಿಸಬೇಡಿ ಗಿಬ್ಬನ್‌ಗಾನ.

ಅಮೆರಿಕದ ಮನಶ್ಶಾಸ್ತ್ರಜ್ಞ ಹಾರ್ಲೋ ಅವರ ರೀಸಸ್ ಮಂಗದ ಮರಿಗಳ ಪ್ರಯೋಗ ಎಲ್ಲರಿಗೂ ಗೊತ್ತು. ತಂತಿಯಿಂದ ಮಾಡಿದ ಬೊಂಬೆ ತಾಯಿ ಹಾಲು ಕೊಟ್ಟರೂ ಮರಿಗಳು ಬಟ್ಟೆ ಸುತ್ತಿದ ಬೊಂಬೆ ತಾಯಿಯನ್ನೇ ಅಪ್ಪಿಕೊಂಡಿದ್ದವು. ಪೂರ್ತಿ ಒಂಟಿಯಾಗಿ ಬೆಳೆಸಿದ ಮರಿಗಳು ತೂಗಾಡುತ್ತಾ, ತಮ್ಮನ್ನೇ ಕಚ್ಚಿಕೊಳ್ಳುತ್ತಾ ಕೂತವು. ಆ ಪ್ರಯೋಗದ ಕ್ರೌರ್ಯವನ್ನು ನಾನು ಒಪ್ಪುವುದಿಲ್ಲ. ಆದರೆ ಅಷ್ಟು ನೋವು ಕೊಟ್ಟು ತಿಳಿದದ್ದನ್ನು ಇವತ್ತಿಗೂ ಬಳಸದೆ ಕೂತರೆ ಆ ಮರಿಗಳಿಗೆ ಇನ್ನೂ ಅನ್ಯಾಯ.

ಅಮೆರಿಕದವರು 1985ರಲ್ಲಿ ಕಾನೂನು ತಿದ್ದಿ, ಪ್ರೈಮೇಟ್‌ಗಳ, ಅಂದರೆ ಮಂಗ ವಾನರಗಳ, ಮನಸ್ಸಿನ ಆರೋಗ್ಯಕ್ಕೂ ತಕ್ಕ ವಾತಾವರಣ ಕೊಡಬೇಕು ಎಂದರು. 1991ರ ನಿಯಮಗಳಲ್ಲಿ ಜೊತೆಯ ಅಗತ್ಯವನ್ನೂ ನೋಡಬೇಕು ಎಂದು ಬಂತು. ಇದು ನಿನ್ನೆ ಮೊನ್ನೆಯ ಮಾತಲ್ಲ.

ಗಿಬ್ಬನ್‌ಗಾನ · ಮಂಗಳವಾರ, ಬೆಳಿಗ್ಗೆ 7:12

ಒಂಟಿಯಾಗಿ ಇಡಿ ಎಂದು ನಾನು ಎಲ್ಲಿ ಹೇಳಿದೆ? ಅವಸರ ಬೇಡ ಎಂದೆ. ಹೇಗೆ ಮಾಡಬೇಕು ಎಂದು ಹೇಳದೆ ಬರೀ ಜೊತೆ ಬೇಕು ಎಂದರೆ, ಅದನ್ನು ಓದಿದ ಯಾರೋ ನಾಳೆಯೇ ಬಾಗಿಲು ತೆರೆಯುತ್ತಾರೆ.

ಮುಸುವ · ಮಂಗಳವಾರ, ಬೆಳಿಗ್ಗೆ 7:40

ಸರಿ, ಅದು ನ್ಯಾಯವಾದ ಮಾತು. ನಾವು ಮಾಡುವ ರೀತಿ ಹೇಳುತ್ತೇನೆ.

ಮೊದಲು ದೂರದಿಂದ ಒಂದಕ್ಕೊಂದು ಕಾಣಬೇಕು, ಅಷ್ಟೆ. ಬೇಡವೆನಿಸಿದರೆ ಮರೆಯಾಗಲು ಎರಡೂ ಕಡೆ ತಡಿಕೆ ಇರಲಿ. ಆಮೇಲೆ ಪಕ್ಕಪಕ್ಕದ ಕೋಣೆ, ನಡುವೆ ಬೆರಳೂ ಹೋಗದ ಸಣ್ಣ ಜಾಲರಿ. ಊಟವನ್ನು ಜಾಲರಿಯಿಂದ ದೂರ ಇಡಿ, ಊಟಕ್ಕಾಗಿ ಜಗಳ ಶುರುವಾಗುವುದು ಬೇಡ. ತುಟಿ ಚಪ್ಪರಿಸುವುದು, ಹಿಂಭಾಗ ತೋರಿಸುವುದು, ಜಾಲರಿಗೆ ಮೈಯೊತ್ತಿ ಕೂರುವುದು ಒಳ್ಳೆಯ ಸೂಚನೆ. ಒಂದು ಸದಾ ಹಲ್ಲು ಕಿಸಿಯುತ್ತಾ ಮೂಲೆ ಹಿಡಿದರೆ ಮುಂದೆ ಹೋಗಬೇಡಿ. ಅದು ನಗುವಲ್ಲ, ಭಯ.

ಇಷ್ಟಾದ ಮೇಲೆ ಕೈ ಆಡುವಷ್ಟು ಅಗಲದ ಸರಳು. ಹೆಕ್ಕುವುದಕ್ಕೆ ಸಾಕು, ತಲೆ ಹಾಕಿ ಕಚ್ಚುವುದಕ್ಕೆ ಆಗಬಾರದು. ಒಟ್ಟಿಗೆ ಬಿಡುವುದು ಕೊನೆಯಲ್ಲಿ. ಬಿಡುವ ಜಾಗ ಇಬ್ಬರಿಗೂ ಹೊಸದಾಗಿದ್ದರೆ ಒಳ್ಳೆಯದು. ಅಲ್ಲಿ ಎರಡು ಬಾಗಿಲಾದರೂ ಇರಬೇಕು, ಸುತ್ತಿ ಓಡಲು ದಾರಿ ಇರಬೇಕು, ಮುಚ್ಚಿದ ಮೂಲೆ ಒಂದೂ ಇರಬಾರದು.

ವಾರ ಆಗಬಹುದು, ತಿಂಗಳುಗಳೂ ಆಗಬಹುದು.

ಗಿಬ್ಬನ್‌ಗಾನ · ಮಂಗಳವಾರ, ಬೆಳಿಗ್ಗೆ 7:44

ಈಗ ಒಪ್ಪಿದೆ. ಮುಚ್ಚಿದ ಮೂಲೆ ಇರಬಾರದು ಎನ್ನುವುದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ.

ಹೊಸಬ · ಮಂಗಳವಾರ, ಮಧ್ಯಾಹ್ನ 1:20

ನನಗೆ ಇದರ ಅನುಭವ ಇಲ್ಲ, ಒಂದು ಅನುಮಾನ ಕೇಳುತ್ತೇನೆ. ಇನ್ನೊಂದು ಮಂಗದ ಬದಲು ಪಾಲಕರೇ ದಿನಾ ಒಂದೆರಡು ಗಂಟೆ ಜೊತೆಗೆ ಕೂತರೆ ಆಗುವುದಿಲ್ಲವಾ? ಮನುಷ್ಯರ ಜೊತೆಗೇ ಬೆಳೆದದ್ದು ತಾನೆ?

ದನದಡಾಕ್ಟ್ರು · ಮಂಗಳವಾರ, ಮಧ್ಯಾಹ್ನ 1:55

ಹತ್ತಿರ ಕೂತು ಮಾತಾಡಿಸುವುದು, ಜಾಲರಿಯ ಆಚೆಯಿಂದ ತರಬೇತಿ ಕೊಡುವುದು, ಎಲ್ಲ ಒಳ್ಳೆಯದು. ಒಳಗೆ ಹೋಗಿ ಮುದ್ದು ಮಾಡುವುದು ಬೇಡ. ಸಿಂಗಳೀಕವೂ ಸೇರಿ ಮಕಾಕ್ ಜಾತಿಯ ಮಂಗಗಳು ಹರ್ಪಿಸ್ ಬಿ ವೈರಸ್ ಹೊತ್ತಿರಬಹುದು. ಅವುಗಳಿಗೆ ಅದರಿಂದ ಹೆಚ್ಚೇನೂ ಆಗುವುದಿಲ್ಲ, ಮನುಷ್ಯನಿಗೆ ತಗುಲಿದರೆ ಮಿದುಳಿಗೆ ಹೋಗಿ ಜೀವ ತೆಗೆಯಬಹುದು. ನಮ್ಮಿಂದ ಅವಕ್ಕೆ ಕ್ಷಯ, ದಡಾರ ಹೋಗುತ್ತದೆ. ನಮ್ಮ ತುಟಿಯ ಮೇಲೆ ಏಳುವ ಸಾಧಾರಣ ಗುಳ್ಳೆಯ ವೈರಸ್ ಮಾರ್ಮೊಸೆಟ್ ಎನ್ನುವ ಪುಟ್ಟ ಮಂಗಗಳನ್ನು ಕೊಂದುಬಿಡುತ್ತದೆ. ಕೆಮ್ಮು ನೆಗಡಿ ಇರುವ ಪಾಲಕರು ಆ ದಿನ ಹತ್ತಿರ ಹೋಗಲೇಬಾರದು.

ಇನ್ನೊಂದು ವಿಷಯ. ಸಂಜೆ ನಾವು ಮನೆಗೆ ಹೋಗುತ್ತೇವೆ. ಅವಳು ರಾತ್ರಿ ಮಲಗುವಾಗ ಯಾರ ಮೈಗೆ ಒರಗಬೇಕು?

ಕಾಡುಪಾಪ · ಮಂಗಳವಾರ, ಸಂಜೆ 6:10

ವಿಷಯ ಸ್ವಲ್ಪ ಆ ಕಡೆ ಹೋಗುತ್ತದೆ, ಆದರೂ ಹೇಳಲೇಬೇಕು. ಮನೆಯಲ್ಲಿ ಸಾಕಿದ್ದು ಎಂದಾಗಲೆಲ್ಲ ಕಾಡುಪಾಪದ ಬಳಗದ ಸ್ಲೋ ಲೋರಿಸ್‌ಗೆ ಕಚಗುಳಿ ಇಡುವ ವಿಡಿಯೊ ನೆನಪಾಗುತ್ತದೆ. ಅದು ಕೈ ಮೇಲೆತ್ತಿದ್ದನ್ನು ನೋಡಿ ಎಷ್ಟು ಮುದ್ದು ಎಂದು ಎಲ್ಲರೂ ಹಂಚಿದರು. ಹೆದರಿಕೆಗೆ ಅದು ಹಾಗೆ ಕೈ ಎತ್ತುತ್ತದೆ. ತೋಳಿನ ಒಳಭಾಗದಲ್ಲಿ ಒಂದು ಗ್ರಂಥಿ ಇದೆ. ಅದರ ರಸ ಎಂಜಲಿಗೆ ಸೇರಿದರೆ ಕಚ್ಚುವಾಗ ವಿಷ. ಅದಕ್ಕೇ ಮಾರುವವರು ಅದರ ಹಲ್ಲು ಕತ್ತರಿಸುತ್ತಾರೆ. ಮರದ ಅಂಟನ್ನು ಕೆರೆದು ತಿನ್ನುವ ಪ್ರಾಣಿಗೆ ಹಲ್ಲೇ ಇಲ್ಲ. ರಾತ್ರಿ ಓಡಾಡುವ ಪ್ರಾಣಿಯನ್ನು ಟ್ಯೂಬ್‌ಲೈಟ್ ಕೆಳಗೆ ಇಡುತ್ತಾರೆ.

ದಯವಿಟ್ಟು ಅಂಥ ವಿಡಿಯೊಗೆ ಲೈಕ್ ಒತ್ತಬೇಡಿ.

ಕೆನ್ನೆಚೀಲ · ಮಂಗಳವಾರ, ಸಂಜೆ 6:18

ಹಲ್ಲು ಕತ್ತರಿಸುತ್ತಾರೆ ಎನ್ನುವುದು ಗೊತ್ತಿರಲಿಲ್ಲ. ನಾನೂ ಒಮ್ಮೆ ಅಂಥದ್ದನ್ನು ಹಂಚಿದ್ದೆ. ಈಗಲೇ ಅಳಿಸುತ್ತೇನೆ.

ಸರಳಿನಾಚೆ · ಮಂಗಳವಾರ, ರಾತ್ರಿ 8:30

ಎಲ್ಲರೂ ಬೇಸರ ಮಾಡಿಕೊಳ್ಳಬೇಡಿ. ತೂತು ಕೊರೆದ ಮರ, ಹಗ್ಗ, ಕಾಳು ಚೆಲ್ಲುವುದು ಎಲ್ಲ ಪಂಜರಕ್ಕೆ ಬಣ್ಣ ಬಳಿದ ಹಾಗೆ ಅಲ್ವಾ? ಪಂಜರ ಪಂಜರವೇ. ಚೆನ್ನಾಗಿ ಕಂಡಷ್ಟೂ ಅದನ್ನು ಮುಂದುವರಿಸಲು ನೆಪ ಸಿಗುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2015ರಲ್ಲಿ ಚಿಂಪಾಂಜಿಗಳ ಮೇಲಿನ ಪ್ರಯೋಗಗಳಿಗೆ ಬೆಂಬಲ ನಿಲ್ಲಿಸಿತು. ಒಳ್ಳೆಯ ಆಟಿಕೆ ಕೊಡುತ್ತೇವೆ ಎನ್ನಲಿಲ್ಲ, ನಿಲ್ಲಿಸುತ್ತೇವೆ ಎಂದಿತು. ದಾರಿ ಅದು.

ಹಗ್ಗದಸೇತುವೆ · ಮಂಗಳವಾರ, ರಾತ್ರಿ 8:52

ಹೊಸದಾಗಿ ಹಿಡಿದು ತರುವುದು ನಿಲ್ಲಬೇಕು. ಅದರಲ್ಲಿ ನನ್ನದು ಎರಡು ಮಾತಿಲ್ಲ. ಆದರೆ ನಿಲ್ಲಿಸಿದ ಮೇಲೂ ಆ ಚಿಂಪಾಂಜಿಗಳು ಇದ್ದವಲ್ಲ? ಅವನ್ನು ಕಾಡಿಗೆ ಬಿಡಲಾಗಲಿಲ್ಲ. ಅನೇಕವು ಆಶ್ರಯಧಾಮಕ್ಕೆ ಹೋದವು. ಅಲ್ಲಿಯೂ ಬೆಳಗಾಗುತ್ತದೆ, ಅಲ್ಲಿಯೂ ಹಗಲು ಕಳೆಯಬೇಕು.

ಎಲೆಮರೆಯವರ ಹೆಣ್ಣನ್ನೂ ಕಾಡಿಗೆ ಬಿಡಲಾಗದು. ಸಿಂಗಳೀಕ ಸಾಕಣೆಯಲ್ಲಿ 30 ವರ್ಷದವರೆಗೂ ಬದುಕಬಲ್ಲದು. ಅವಳ ಮುಂದೆ ಇಪ್ಪತ್ತು ವರ್ಷ ಇದೆ ಎಂದಿಟ್ಟುಕೊಳ್ಳಿ. ನೀತಿ ಸರಿಯಾಗುವವರೆಗೆ ಅವಳು ನಾಲ್ಕು ಹೆಜ್ಜೆ ಆ ಕಡೆ ಈ ಕಡೆ ತಿರುಗುತ್ತಾ ಇರಲಿ ಎನ್ನಲು ನನ್ನಿಂದ ಆಗದು.

ಸರಳಿನಾಚೆ · ಮಂಗಳವಾರ, ರಾತ್ರಿ 9:03

ಇವಳ ವಿಷಯದಲ್ಲಿ ಒಪ್ಪುತ್ತೇನೆ. ನನ್ನ ಸಿಟ್ಟು ಅವಳನ್ನು ಮರಿಯಲ್ಲಿ ತಾಯಿಯಿಂದ ಬಿಡಿಸಿದವರ ಮೇಲೆ.

ಗುಂಡಿಒತ್ತು · ಮಂಗಳವಾರ, ರಾತ್ರಿ 9:30

ಆಟಿಕೆ ಯಾಕೆ ಮೂರನೇ ದಿನಕ್ಕೆ ಬೇಡವಾಗುತ್ತದೆ ಎಂದು ಎಲೆಮರೆ ಕೇಳಿದ್ದರು. ಅದು ಹಳತಾಯಿತು ಎನ್ನುವುದು ಅರ್ಧ ಕಾರಣ. ಬಾಲ್‌ಗೆ ಏನು ಮಾಡಿದರೂ ಬಾಲ್ ಬಾಲ್‌ನಂತೆಯೇ ಇರುತ್ತದೆ. ಮಂಗ ಮಾಡಿದ್ದರಿಂದ ಏನಾದರೂ ಬದಲಾಗಬೇಕು.

1950ರಲ್ಲಿ ಹಾರ್ಲೋ ತಂಡವೇ ತೋರಿಸಿತ್ತು. ಕೊಕ್ಕೆ, ಚಿಲಕ, ಕಡ್ಡಿ ಸೇರಿಸಿದ ಒಗಟನ್ನು ರೀಸಸ್ ಮಂಗಗಳು ತಿಂಡಿಯ ಆಸೆ ಇಲ್ಲದೆಯೇ ದಿನಾ ಬಿಡಿಸಿದವು. 1953ರಲ್ಲಿ ಬಟ್ಲರ್ ಎನ್ನುವವರು ಮುಚ್ಚಿದ ಪೆಟ್ಟಿಗೆಯಲ್ಲಿ ಮಂಗವನ್ನು ಇಟ್ಟು ನೋಡಿದರು. ಸರಿಯಾದ ಕಿಟಕಿ ತಳ್ಳಿದರೆ ಸ್ವಲ್ಪ ಹೊತ್ತು ಹೊರಗೆ ಕಾಣುತ್ತದೆ. ಬಹುಮಾನ ಅಷ್ಟೇ, ಹೊರಗೆ ನೋಡುವುದು. ಅದಕ್ಕಾಗಿ ಅವು ಗಂಟೆಗಟ್ಟಲೆ ಕೆಲಸ ಮಾಡಿದವು. 1970ರ ದಶಕದಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಝೂನಲ್ಲಿ ಹಾಲ್ ಮಾರ್ಕೊವಿಟ್ಜ್ ಎನ್ನುವವರು ಗಿಬ್ಬನ್ ವಾನರಗಳಿಗೆ ಹೀಗೇ ಮಾಡಿದರು. ದೀಪ ಹೊತ್ತಿದಾಗ ಸನ್ನೆಗೋಲು ಎಳೆದು, ತೂಗಾಡುತ್ತಾ ಇನ್ನೊಂದು ತುದಿಗೆ ಹೋದರೆ ಊಟ.

ನಿಮ್ಮಲ್ಲಿ ಒಳಕೋಣೆ ಮತ್ತು ಹೊರಗಿನ ಅಂಗಳದ ನಡುವಿನ ಬಾಗಿಲನ್ನು ಹಗಲು ತೆರೆದಿಡಿ. ಬೇಕೆಂದಾಗ ಒಳಗೆ, ಬೇಕೆಂದಾಗ ಹೊರಗೆ. ಖರ್ಚಿಲ್ಲದ ಕೆಲಸ. ಅವಳು ಹೆಜ್ಜೆ ಹಾಕುವುದು ಬಾಗಿಲಿನ ಪಕ್ಕವೇ ಎಂದಿರಿ. ಆ ಬಾಗಿಲು ಮುಚ್ಚಿರುತ್ತದಾ?

ಎಲೆಮರೆ · ಮಂಗಳವಾರ, ರಾತ್ರಿ 9:36

ಮುಚ್ಚಿರುತ್ತದೆ. ಹನ್ನೊಂದರಿಂದ ನಾಲ್ಕರವರೆಗೆ. ಸ್ವಚ್ಛ ಮಾಡಲು ಅನುಕೂಲ ಎಂದು.

ಗುಂಡಿಒತ್ತು · ಮಂಗಳವಾರ, ರಾತ್ರಿ 9:38

ಐದು ಗಂಟೆ ಸ್ವಚ್ಛ ಮಾಡುತ್ತೀರಾ?

ಎಲೆಮರೆ · ಮಂಗಳವಾರ, ರಾತ್ರಿ 9:40

ಇಲ್ಲ. ನಲವತ್ತು ನಿಮಿಷ. ನಾಳೆಯಿಂದ ತೆರೆಯುತ್ತೇನೆ.

ಮರದತುದಿ · ಬುಧವಾರ, ಬೆಳಿಗ್ಗೆ 8:00

ಎತ್ತರದ ಬಗ್ಗೆ ಯಾರೂ ಹೇಳಲಿಲ್ಲ. ಸಿಂಗಳೀಕ ಮರದ ಮೇಲಿನ ಪ್ರಾಣಿ, ಹೆದರಿದರೆ ಮೇಲಕ್ಕೆ ಓಡುತ್ತದೆ. ಕೂರುವ ಹಲಗೆ ನಮ್ಮ ಕಣ್ಣಿಗಿಂತ ಮೇಲೆ ಇರಬೇಕು. ನಾವು ಮೇಲೆ ನಿಂತು ನೋಡುವಂತಿದ್ದರೆ ಅದಕ್ಕೆ ದಿನವಿಡೀ ಆತಂಕ. ಜನ ನೋಡಲು ಬರುತ್ತಾರಾ? ಝೂನಲ್ಲಿರುವ ಸಿಂಗಳೀಕಗಳಲ್ಲಿ ಜನ ಇದ್ದ ದಿನ ಇಂಥ ನಡವಳಿಕೆ ಜಾಸ್ತಿ ಎಂದು 2005ರ ಅಧ್ಯಯನವೊಂದು ಹೇಳಿದೆ. ಒಂದು ಕಡೆಯಾದರೂ ಗಿಡವನ್ನೋ ತಡಿಕೆಯನ್ನೋ ಅಡ್ಡ ಇಡಿ.

ಹಳೆಯ ಫೈರ್ ಹೋಸ್ ಸಿಕ್ಕರೆ ಹೆಣೆದು ತೊಟ್ಟಿಲು ಕಟ್ಟಿ, ವರ್ಷಗಟ್ಟಲೆ ಬಾಳುತ್ತದೆ. ಹಗ್ಗ ಕಟ್ಟಿದರೆ ವಾರಕ್ಕೊಮ್ಮೆ ನೋಡಿ. ಬಿಚ್ಚಿದ ಎಳೆಗೆ ಬೆರಳು ಸುತ್ತಿಕೊಂಡು ರಕ್ತ ನಿಂತುಹೋದದ್ದನ್ನು ಕಣ್ಣಾರೆ ನೋಡಿದ್ದೇನೆ.

ನೋಟ್‌ಬುಕ್ಕು · ಬುಧವಾರ, ಬೆಳಿಗ್ಗೆ 8:45

ಎಲೆಮರೆ, ಎಲ್ಲವನ್ನೂ ಒಂದೇ ದಿನ ಬದಲಿಸಬೇಡಿ. ಯಾವುದರಿಂದ ಏನಾಯಿತು ಎಂದು ಗೊತ್ತೇ ಆಗುವುದಿಲ್ಲ. ದಿನಾ ಬೆಳಿಗ್ಗೆ ಅರ್ಧ ಗಂಟೆ, ಮಧ್ಯಾಹ್ನ ಅರ್ಧ ಗಂಟೆ ಕೂರಿ. ನಿಮಿಷಕ್ಕೊಮ್ಮೆ ತಲೆಯೆತ್ತಿ ಆ ಕ್ಷಣದಲ್ಲಿ ಏನು ಮಾಡುತ್ತಿದ್ದಾಳೆ ಎಂದು ಗುರುತು ಹಾಕಿ. ಕೀಳುವುದು, ಹೆಜ್ಜೆ ಹಾಕುವುದು, ತಿನ್ನುವುದು, ಹುಡುಕುವುದು, ಸುಮ್ಮನೆ ಕೂತಿರುವುದು. ಒಂದು ವಾರ ಈಗಿರುವ ಹಾಗೆಯೇ ಬರೆದು, ಆಮೇಲೆ ಒಂದೊಂದೇ ಬದಲಿಸಿ. ಮೇಲಿನವರನ್ನು ಒಪ್ಪಿಸಲೂ ಈ ಲೆಕ್ಕ ಬೇಕಾಗುತ್ತದೆ.

ಮುಸುವ · ಬುಧವಾರ, ಬೆಳಿಗ್ಗೆ 8:58

ಬಾಗಿಲು ತೆರೆಯಲು ಒಂದು ವಾರ ಕಾಯಬೇಕಾಗಿಲ್ಲ. ಅವಳಿಗೆ ಇವತ್ತು ಬೇಕು. ಉಳಿದದ್ದಕ್ಕೆ ನೋಟ್‌ಬುಕ್ಕು ಹೇಳಿದ್ದು ಸರಿ.

ಕೆನ್ನೆಚೀಲ · ಬುಧವಾರ, ಬೆಳಿಗ್ಗೆ 9:15

ಹಣ್ಣನ್ನೂ ಕಡಿಮೆ ಮಾಡಿ. ನಾವು ತಿನ್ನಲು ಬೆಳೆಸಿದ ಹಣ್ಣಿನಲ್ಲಿ ಕಾಡಿನ ಹಣ್ಣಿಗಿಂತ ಸಕ್ಕರೆ ಜಾಸ್ತಿ, ನಾರು ಕಡಿಮೆ. ಇಂಗ್ಲೆಂಡಿನ ಪೇಂಟನ್ ಝೂ 2014ರಲ್ಲಿ ಮಂಗಗಳಿಗೆ ಬಾಳೆಹಣ್ಣು ಕೊಡುವುದನ್ನೇ ನಿಲ್ಲಿಸಿತು. ಸೊಪ್ಪು, ತರಕಾರಿ ಜಾಸ್ತಿ ಮಾಡಿ. ಸಿ ವಿಟಮಿನ್ ಮಾತ್ರ ಕಡಿಮೆಯಾಗದಂತೆ ನೋಡಿಕೊಳ್ಳಿ. ನಮ್ಮಂತೆ ಅವಕ್ಕೂ ಅದು ಆಹಾರದಿಂದಲೇ ಬರಬೇಕು.

ಹೊಸಬ · ಬುಧವಾರ, ಬೆಳಿಗ್ಗೆ 9:20

ಮಂಗ ಎಂದರೆ ಬಾಳೆಹಣ್ಣು ಎಂದೇ ಇಲ್ಲಿಯವರೆಗೆ ಅಂದುಕೊಂಡಿದ್ದೆ!

ಎಲೆಮರೆ · ಏಳು ವಾರಗಳ ನಂತರ, ಭಾನುವಾರ, ರಾತ್ರಿ 8:20

ತಡವಾಯಿತು, ಕ್ಷಮಿಸಿ. ಬರೆಯಲು ಏನಾದರೂ ಇರಲಿ ಎಂದು ಕಾದೆ.

ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಬಾಗಿಲು ತೆರೆದ ಮೊದಲ ದಿನವೇ ಹೆಜ್ಜೆ ಹಾಕುವುದು ಕಡಿಮೆಯಾಯಿತು. ಪೂರ್ತಿ ನಿಂತಿಲ್ಲ. ಗಟ್ಟಿ ಸದ್ದಾದರೆ ಈಗಲೂ ಅದೇ ಜಾಗಕ್ಕೆ ಹೋಗುತ್ತಾಳೆ. ಆದರೆ ಅಲ್ಲಿಂದ ತಾನೇ ಎದ್ದು ಬರುತ್ತಾಳೆ.

ಮರದ ತುಂಡಿನ ತೂತಿಗೆ ಮೂರು ದಿನ ಬೆರಳು ತುರುಕಿ ಸೋತಳು. ನಾಲ್ಕನೇ ದಿನ ಕೊಂಬೆಯಿಂದ ಕಡ್ಡಿ ಮುರಿದಳು. ದಪ್ಪ ಇತ್ತು, ಹೋಗಲಿಲ್ಲ. ಹಲ್ಲಿನಿಂದ ತೊಗಟೆ ಸುಲಿದಳು, ಆಗಲೂ ಹೋಗಲಿಲ್ಲ. ಅದನ್ನು ಎಸೆದು ಬೇರೆ ತಂದಳು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಕಡ್ಡಿಯ ತುದಿಗೆ ಗಂಜಿ ಬಂದಾಗ ತಕ್ಷಣ ನೆಕ್ಕಲಿಲ್ಲ, ಎತ್ತಿ ಹಿಡಿದು ನೋಡಿದಳು. ಕೂದಲಿನ ಬುಡ ನೋಡುತ್ತಿದ್ದ ಹಾಗೆಯೇ.

ಲೆಕ್ಕ ಇಟ್ಟಿದ್ದೇನೆ. ಮೊದಲ ವಾರ ದಿನಕ್ಕೆ ಹಾಕುವ 60 ಗುರುತಿನಲ್ಲಿ ಕೀಳುವುದು ಸರಾಸರಿ 17 ಇತ್ತು. ಊಟ ಮತ್ತು ಬಾಗಿಲು ಬದಲಿಸಿದ ಮೇಲೆ 9. ಅಲ್ಲೇ ನಿಂತುಬಿಟ್ಟಿತು, ಕೆಳಗೆ ಇಳಿಯಲಿಲ್ಲ. ಆ ಹಾಳೆ ತೋರಿಸಿದ ಮೇಲೆಯೇ ಮುದಿ ಹೆಣ್ಣನ್ನು ಪಕ್ಕದ ಕೋಣೆಗೆ ತರಲು ಒಪ್ಪಿದರು.

ಮೊದಲ ದಿನಗಳಲ್ಲಿ ನಮ್ಮವಳು ಹಲ್ಲು ಕಿಸಿದುಕೊಂಡು ಮೇಲಿನ ಹಲಗೆಯಿಂದ ಇಳಿಯಲೇ ಇಲ್ಲ. ಮುದುಕಿ ಅವಳ ಕಡೆ ನೋಡದೆ ಜಾಲರಿಗೆ ಬೆನ್ನು ಕೊಟ್ಟು ಕೂರುತ್ತಿತ್ತು. ದಿನಾ ಅದೇ ಜಾಗ. ಹದಿನೇಳನೇ ದಿನಕ್ಕೆ ಇವಳೂ ಬಂದು ಒಂದು ಮಾರು ದೂರ ಕೂತಳು. ಆಮೇಲೆ ಸರಳು ಹಾಕಿದೆವು.

ಮೊನ್ನೆ ಗುರುವಾರ ಇವಳು ತುಟಿ ಚಪ್ಪರಿಸುತ್ತಾ ಎಡಗೈಯನ್ನು ಸರಳಿಗೆ ಒತ್ತಿಟ್ಟಳು. ಮುದುಕಿ ಆ ಬೋಳು ಚರ್ಮವನ್ನು ಹೆಬ್ಬೆರಳಿನಿಂದ ಸವರಿತು. ಇವಳು ಬೆಚ್ಚಿ ಕೈ ಎಳೆದುಕೊಂಡು ಹಲಗೆ ಹತ್ತಿದಳು. ಹತ್ತು ನಿಮಿಷ ಬಿಟ್ಟು ಇಳಿದು ಬಂದು ಅದೇ ಕೈಯನ್ನು ಮತ್ತೆ ಇಟ್ಟಳು. ಮಣಿಕಟ್ಟಿನ ಹತ್ತಿರ ಸಣ್ಣ ಕೂದಲು ಬರುತ್ತಿದೆ. ಮುದುಕಿ ಅದನ್ನೇ ಬಿಡಿಸಿ ಬಿಡಿಸಿ ನೋಡಿತು. ಕೀಳಲಿಲ್ಲ.

ಮುಸುವ · ಭಾನುವಾರ, ರಾತ್ರಿ 8:31

ಓದಿ ಕಣ್ಣು ತುಂಬಿತು ಎಲೆಮರೆ. ಇನ್ನೂ ಬಾಗಿಲು ತೆರೆಯಬೇಡಿ.

ಗಿಬ್ಬನ್‌ಗಾನ · ಭಾನುವಾರ, ರಾತ್ರಿ 8:35

ಒಟ್ಟಿಗೆ ಬಿಡುವ ಜಾಗದ ಫೋಟೊ ಹಾಕಿ. ಮೂಲೆಗಳನ್ನು ನೋಡಬೇಕು.

ಎಲೆಮರೆ · ಭಾನುವಾರ, ರಾತ್ರಿ 8:40

ನಾಳೆ ಬೆಳಕಿನಲ್ಲಿ ತೆಗೆದು ಹಾಕುತ್ತೇನೆ. ನೀರಿನ ತೊಟ್ಟಿಯ ಹಿಂದೆ ಒಂದು ಮೂಲೆ ಇದೆ. ಅಲ್ಲಿಂದ ಮೇಲಕ್ಕೆ ಏಣಿ ಕಟ್ಟಿದರೆ ಸಾಕಾ, ಇಲ್ಲ ತೊಟ್ಟಿಯನ್ನೇ ಸರಿಸಬೇಕಾ?

ಮರದತುದಿ · ಭಾನುವಾರ, ರಾತ್ರಿ 8:44

ತೊಟ್ಟಿ ಸರಿಸಿ. ಏಣಿಯನ್ನೂ ಕಟ್ಟಿ.